ಕ್ಯಾಂಪಿನ ಪುಸ್ತಕ ಕೇಳಿದ ಮೂರು ಪ್ರಶ್ನೆ

ಎಲ್ಲಿಗೆ ಹೊರಟೆ? ಯಾವ ದಾರೀಲಿ? ಎಷ್ಟೊತ್ತಿಗೆ ವಾಪಸ್ಸು? ಹೆಣ್ಣುಮಕ್ಕಳು ಹೊಸಿಲು ದಾಟಿದರೆ ಸಾಕು, ಈ ಮೂರು ಪ್ರಶ್ನೆ ಬೆನ್ನು ಹತ್ತುತ್ತವೆ. ನಮ್ಮ ಟೈಲರಕ್ಕ ಇವಕ್ಕೆ ಉತ್ತರ ಕೊಟ್ಟೂ ಕೊಟ್ಟೂ ರೋಸಿಹೋಗಿದ್ದಳು. ಅದಕ್ಕೇ ಈ ಸಲ ಅಣ್ಣ, "ಇಬ್ಬರೇ ಹೆಂಗಸರು ಕಾಡಲ್ಲಿ ಟೆಂಟ್ ಹಾಕೋದಾ? ತಲೆ ನೆಟ್ಟಗಿದೆಯಾ?" ಎಂದು ಕೂಗಾಡಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಳೇ ಟೆಂಟಿನ ಹರಿದ ಮೂಲೆಯನ್ನು ಅಂಗಡಿಯ ಮಿಷನ್ನಿನಲ್ಲೇ ಹೊಲಿದು, ಬಸ್ ಕಂಡಕ್ಟರ್ ಆಗಿದ್ದ ತಂಗಿಯನ್ನು ಕರೆದುಕೊಂಡು ಹೊರಟೇಬಿಟ್ಟಳು.

ಕ್ಯಾಂಪ್ ಇದ್ದದ್ದು ಒಂದು ದೊಡ್ಡ ಕೆರೆಯ ದಂಡೆಯಲ್ಲಿ, ಬಸ್ಸಿಳಿದು ಎರಡು ಗಂಟೆ ನಡೆಯುವಷ್ಟು ದೂರ. ಗುಡ್ಡದಾಚೆ ಸಮುದ್ರ, ಅದರ ಅಂಚಿನಲ್ಲೇ ಕಾಲುದಾರಿಗಳು. ಫೋನಿಗೆ ಸಿಗ್ನಲ್ ಇಲ್ಲ.

ಬೆಳಿಗ್ಗೆ ಇಬ್ಬರೂ ಬೂಟು ಬಿಗಿದು ಹೊರಟಾಗ ಕ್ಯಾಂಪ್ ನೋಡಿಕೊಳ್ಳುವ ಮೇಡಂ ಒಂದು ಪುಸ್ತಕ ಚಾಚಿದಳು. "ಎಲ್ಲಿಗೆ, ಯಾವ ದಾರಿ, ಎಷ್ಟೊತ್ತಿಗೆ ವಾಪಸ್ಸು, ಇಷ್ಟು ಬರೀರಿ."

ಅಕ್ಕನ ಮೈ ಉರಿಯಿತು. "ಇಲ್ಲೂ ಅದೇ ರಾಗನಾ? ಇದನ್ನ ಕೇಳಿಸ್ಕೊಳ್ಳಬಾರದು ಅಂತಾನೇ ಇಷ್ಟು ದೂರ ಬಂದಿರೋದು. ಬರೆಯಲ್ಲ, ಏನ್ ಮಾಡ್ತೀರೋ ಮಾಡ್ಕೊಳ್ಳಿ!"

"ಇದು ಹಂಗಲ್ಲ ಕಣಮ್ಮಾ..." ಎನ್ನುವಷ್ಟರಲ್ಲಿ ಅಕ್ಕ ಗುಡ್ಡ ಹತ್ತಿಯಾಗಿತ್ತು.

ಬಂಡೆಗಳ ಬುಡದ ದಾರಿ ಹಿಡಿದು ಒಂದು ಪುಟ್ಟ ಮರಳದಂಡೆಗೆ ಇಳಿದರು. ಕುಣಿದರು, ಜೋರಾಗಿ ಹಾಡಿದರು. ಮಧ್ಯಾಹ್ನ ತಿರುಗಿ ನೋಡಿದರೆ ಬಂದ ದಾರಿಯೇ ಇಲ್ಲ! ಉಬ್ಬರದ ನೀರು ಏರಿ ದಾರಿ ಮುಳುಗಿತ್ತು. ಒಂದು ಬಂಡೆಯ ಮೇಲೆ ಹತ್ತಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂತರು. ಅಲೆ ಸೊಂಟದವರೆಗೆ ಬಡಿಯಿತು. ಕೂಗಿ ಕೂಗಿ ತಂಗಿಯ ಗಂಟಲು ಕಟ್ಟಿತು.

"ನಾವು ಇಲ್ಲಿದ್ದೀವಿ ಅಂತ ಯಾರಿಗೆ ಗೊತ್ತಕ್ಕಾ?" ಎಂದು ಅವಳು ಅತ್ತಳು.

ತನ್ನ ಹಟಕ್ಕೆ ತಂಗಿಯ ಜೀವ ಹೋಗುತ್ತಲ್ಲಾ ಎಂದು ಅಕ್ಕ ಅವಳನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡಳು. ಪುಣ್ಯಕ್ಕೆ ಸಂಜೆ ಹೊತ್ತಿಗೆ ನೀರು ಇಳಿಯಿತು.

ನಡುಗುತ್ತಾ ಬಂದವರ ಕೈಗೆ ಮೇಡಂ ಬಿಸಿನೀರು ಕೊಟ್ಟಳು. "ಟೆಂಟ್ ಜಿಪ್ ಹಾಕಿತ್ತು. ಬಂದು ಮಲಗಿದ್ದೀರಿ ಅಂದ್ಕೊಂಡೆ. ಬಂಡೆ ದಾರಿ ಅಂತ ಬರೆದಿದ್ರೆ, ಇವತ್ತು ಮಧ್ಯಾಹ್ನ ಉಬ್ಬರ ಇದೆ, ಮೇಲಿನ ದಾರೀಲಿ ಹೋಗಿ ಅಂತ ಆಗಲೇ ಹೇಳ್ತಿದ್ದೆ. ಹೊತ್ತಿಗೆ ಬರದಿದ್ರೆ ದೋಣಿ ಕಳಿಸ್ತಿದ್ದೆ."

"ಅಣ್ಣಂಗೆ ಗೊತ್ತಾದ್ರೆ ಮುಗೀತು, ಇನ್ನು ಹೊಸಿಲು ದಾಟೋಕೆ ಬಿಡಲ್ಲ. ನಾಳೆನೇ ಊರಿಗೆ ಹೋಗೋಣಕ್ಕಾ," ಎಂದಳು ತಂಗಿ.

"ಯಾಕೆ ಹೋಗ್ಬೇಕು?" ಅಕ್ಕ ಗದರಿದಳು. "ತಪ್ಪು ಮಾಡಿದ್ದು ನಾನು. ಇಲ್ಲಿಗೆ ಬಂದಿದ್ದು ತಪ್ಪಲ್ಲ. ಅಣ್ಣಂಗೆ ನಾನೇ ಹೇಳ್ತೀನಿ, ಮುಂದಿನ ಸಲ ಹೋಗೋ ದಿನಾನೂ ಸೇರಿಸಿ ಹೇಳ್ತೀನಿ!"

ಮರುದಿನ ಅಕ್ಕನೇ ಪುಸ್ತಕ ಎಳೆದುಕೊಂಡಳು. ಮೇಲಿನ ದಾರಿ, ದೀಪಸ್ತಂಭದವರೆಗೆ, ನಾಲ್ಕು ಗಂಟೆಗೆ ವಾಪಸ್ಸು. ಬರೆದು ಮುಗಿಸಿ, ಹಾಳೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರ ಅಪ್ಪಣೆ ತಗೊಂಡ್ರಿ ಅಂತ ಇದ್ರಲ್ಲಿ ಎಲ್ಲೂ ಕೇಳಿಲ್ವಲ್ಲ ಮೇಡಂ!"

"ಅದನ್ನ ಕೇಳೋಕೆ ನಾನ್ಯಾರು? ನೀವು ಎಲ್ಲಿದ್ದೀರಿ ಅಂತ ಗೊತ್ತಿದ್ರೆ ನನಗೆ ಸಾಕು," ಎಂದಳು ಮೇಡಂ.

ಅಕ್ಕ ಬಿದ್ದೂ ಬಿದ್ದೂ ನಕ್ಕಳು. ಬೇಡವೆಂದವರ ಎದುರೇ ಹೊರಟು ಬಂದ ಹೆಂಗಸು, ಮೂರು ಸಾಲು ಬರೆಯಲು ಒಲ್ಲೆ ಎಂದಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡಳು.

ಅಕ್ಕಂದಿರೇ, ತಂಗಿಯರೇ, ಕಾಡಿಗೆ ಹೋಗಿ, ಕೆರೆಗೆ ಹೋಗಿ, ಸಮುದ್ರಕ್ಕೆ ಹೋಗಿ. ಯಾರು ಏನೇ ಅನ್ನಲಿ, ಹೋಗಿ. ಹೊರಡುವ ಮುಂಚೆ ಉಬ್ಬರದ ಹೊತ್ತು ಕೇಳಿಕೊಳ್ಳಿ. ಹೋಗುವ ದಾರಿ, ಬರುವ ಹೊತ್ತು ಬರೆದಿಡಿ. ಬಂದ ಮೇಲೆ ಬಂದೆ ಅಂತ ಹೇಳಿ. ಅಪ್ಪಣೆ ಕೇಳಬೇಡಿ, ಸುದ್ದಿ ತಿಳಿಸಿ. ನಾಳೆ ಮತ್ತೆ ಹೋಗಬೇಕಲ್ಲ, ಅದಕ್ಕೆ ಇವತ್ತು ವಾಪಸ್ಸು ಬನ್ನಿ.