ಗುಳಿಗೆಯ ಮೇಲೊಂದು ಎಲೆ

ಡಾ. ಸಂಘಮಿತ್ರಾಳ ಪ್ರಬಂಧಗಳಲ್ಲಿ ಹೆಚ್ಚಿನವನ್ನು ಓದಿದವರು ಕಡಿಮೆ. ಒಂದು ಮಾತ್ರ ಹೆಸರು ಮಾಡಿತ್ತು. ಚಿತ್ತಾಪುರ, ಕಾಳಗಿ ಕಡೆಯ ಹಳ್ಳಿಗಳ ಹೆಂಗಸರಿಗೆ ಥೈರಾಯ್ಡ್ ಗುಳಿಗೆ ಬೇರೆಯವರಿಗಿಂತ ಹೆಚ್ಚು ಬೇಕಾಗುತ್ತದೆ, ಅದು ಇಲ್ಲಿಯವರ ರಕ್ತಗುಣವೇ ಇರಬಹುದು ಎಂದು ಅದರಲ್ಲಿ ಬರೆದಿದ್ದಳು. ದೂರದೂರದ ಸಂಶೋಧಕರು ತಮ್ಮ ಬರಹಗಳಲ್ಲಿ ಅದನ್ನು ಉಲ್ಲೇಖಿಸುತ್ತಿದ್ದರು. ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕ ಹುದ್ದೆಗೆ ಏರಬೇಕಾದರೆ ಇಂಥ ಉಲ್ಲೇಖಗಳೇ ಬಂಡವಾಳ. ದೀಪಾವಳಿ ಮುಗಿದ ಮೇಲೆ ಸಂದರ್ಶನ. ಆ ಒಂದೇ ಪ್ರಬಂಧದ ಬಲದಿಂದ ಹುದ್ದೆ ಸಿಕ್ಕಂತೆಯೇ ಎಂದು ಆಕೆಯ ಗುರು ರಘೂತ್ತಮ ಸರ್ ಕಂಡವರಿಗೆಲ್ಲ ಹೇಳುತ್ತಿದ್ದರು. ಪ್ರಬಂಧದಲ್ಲಿ ಅವರ ಹೆಸರೂ ಇತ್ತು.

ಶ್ರಾವಣದಲ್ಲಿ ಚಿಂಚೋಳಿಯಿಂದ ಅಜಯಕುಮಾರ ಫೋನು ಮಾಡಿದ. ಆಕೆಯ ಹಳೆಯ ವಿದ್ಯಾರ್ಥಿ, ಈಗ ಅಲ್ಲಿ ವೈದ್ಯ. ಪ್ರಬಂಧ ಓದಿ, ಕುಂಚಾವರಂ ಕಡೆಯಿಂದ ಬರುವ ಹೆಂಗಸರಿಗೂ ಗುಳಿಗೆ ಏರಿಸಿದ್ದ. ಅವರಲ್ಲಿ ಹಣಮಮ್ಮ ಎಂಬಾಕೆಗೆ ಎದೆ ಡವಡವ ಹೊಡೆದು, ಕೈ ನಡುಗಿ, ನಿದ್ದೆಯೇ ಇಲ್ಲವಾಗಿತ್ತು. ಕೂಡಲೇ ಇಳಿಸು ಎಂದಳು ಸಂಘಮಿತ್ರಾ. ಫೋನಿಟ್ಟ ಮೇಲೆ ಯೋಚನೆ ಹತ್ತಿತು. ಕಾಳಗಿಗೂ ಕುಂಚಾವರಂಗೂ ನಡುವೆ ಎಷ್ಟು ಮಹಾ ದೂರ? ಅಷ್ಟರಲ್ಲೇ ರಕ್ತ ಬದಲಾಗುತ್ತದೆಯೇ?

ಆ ಭಾನುವಾರ ಕಾಳಗಿ ಕಡೆಯ ತೆಂಗಳಿಗೆ, ತವರಿಗೆ ಹೋದಳು. ತಾಯಿ ಅನಸುಬಾಯಿಗೂ ಥೈರಾಯ್ಡ್ ಇತ್ತು. ಎಷ್ಟು ಗುಳಿಗೆ ಕೊಟ್ಟರೂ ರಕ್ತದ ವರದಿ ಹತೋಟಿಗೆ ಬಂದಿರಲಿಲ್ಲ. ಬೆಳಗಿನ ಜಾವ ತಾಯಿ ಗುಳಿಗೆ ನುಂಗಿ ನೀರು ಕುಡಿದಳು. ಬಾಗಿಲ ಕಟ್ಟೆಯ ಮೇಲೆ ಕೂತು ಎಲೆ-ಅಡಿಕೆಯ ಚಂಚಿ ಬಿಚ್ಚಿದಳು. ಬೆರಳ ತುದಿಯಿಂದ ಎಲೆಗೆ ಸುಣ್ಣ ಸವರಿ, ಮಡಚಿ, ಬಾಯಿಗಿಟ್ಟುಕೊಂಡಳು.

ಸಂಘಮಿತ್ರಾಳ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು. ಥೈರಾಯ್ಡ್ ಗುಳಿಗೆಯ ಬೆನ್ನಿಗೇ ಸುಣ್ಣ ಹೊಟ್ಟೆಗೆ ಹೋದರೆ ಗುಳಿಗೆ ಮೈಗೆ ಹತ್ತುವುದಿಲ್ಲ. ಇದು ಆಕೆ ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಕಲಿಸುವ ಪಾಠ.

“ಯವ್ವಾ, ಗುಳಿಗಿ ತಗೊಂಡ ಮ್ಯಾಲ ಏನೂ ತಿನಬ್ಯಾಡ ಅಂತ ಹೇಳಿದ್ದಿಲ್ಲೇನು?”

“ಏನ್ ತಿಂದೀನಿ? ರೊಟ್ಟಿ ತಿಂದೀನೋ, ಚಾ ಕುಡದೀನೋ? ಎಲಿ ತಿಂದ್ರ ಹೊಟ್ಟಿ ತುಂಬತದೇನ?” ಎಂದಳು ಅನಸುಬಾಯಿ. “ಬಾಯಿ ಸಪ್ಪಗ ಇಟ್ಕೊಂಡು ಕಸ ಹೊಡೀಲಿಕ್ಕೆ ಬರಂಗಿಲ್ಲ ನನಗ.”

ಪ್ರಬಂಧಕ್ಕಾಗಿ ಹಳ್ಳಿಯ ಹೆಂಗಸರನ್ನು ಕೂರಿಸಿಕೊಂಡು ಸಂಘಮಿತ್ರಾ ಆಗ ಚಹಾದ ಬಗ್ಗೆ ಕೇಳಿದ್ದಳು, ಹಾಲಿನ ಬಗ್ಗೆ ಕೇಳಿದ್ದಳು, ಬೇರೆ ಗುಳಿಗೆಗಳ ಬಗ್ಗೆಯೂ ಕೇಳಿದ್ದಳು. ಎಲೆಯ ಬಗ್ಗೆ ಕೇಳಿರಲಿಲ್ಲ. ಹೊರಗಿನವರು ಯಾರಾದರೂ ಬಂದಿದ್ದರೆ ಕೇಳುತ್ತಿದ್ದರೋ ಏನೋ. ಈಕೆ ಸಣ್ಣವಳಿದ್ದಾಗ ಅಜ್ಜಿಯ ಎಲೆಗೆ ತಾನೇ ಸುಣ್ಣ ಹಚ್ಚಿಕೊಟ್ಟವಳು. ಎಲೆ ತಿನ್ನುವುದೆಂದರೆ ಆಕೆಗೂ ಉಸಿರಾಡಿದಷ್ಟೇ.

ಅಂದೇ ಓಣಿಯಲ್ಲಿ ಗುಳಿಗೆ ತಗೊಳ್ಳುವವರ ಮನೆಗಳಿಗೆ ಹೋಗಿ ವಿಚಾರಿಸಿದಳು. ಹೆಚ್ಚುಕಡಿಮೆ ಎಲ್ಲರದೂ ಅದೇ ಪದ್ಧತಿ. ಎಲೆ ಮಧ್ಯಾಹ್ನಕ್ಕಿಡಿ, ಆಮೇಲೆ ರಕ್ತ ನೋಡೋಣ ಎಂದಳು. ಪಕ್ಕದ ಮನೆಯ ಭೀಮಬಾಯಿ ನಕ್ಕಳು. “ಡಾಕ್ಟರ್‌ಬಾಯಿ, ಇನ್ನ ಮ್ಯಾಲ ಎಲಿಗೂ ಚೀಟಿ ಬರದುಕೊಡ್ತೀ ಏನ?”

ಚಿಂಚೋಳಿಗೆ ಫೋನು ಹಚ್ಚಿ ಕೇಳಿದಾಗ ಹಣಮಮ್ಮ ಎಲೆ ಮುಟ್ಟುವವಳೇ ಅಲ್ಲ ಎಂದು ಗೊತ್ತಾಯಿತು.

ದಸರೆಯ ಹೊತ್ತಿಗೆ ತೆಂಗಳಿಯ ವರದಿಗಳು ಬಂದವು. ಎಲೆಯ ಹೊತ್ತು ಬದಲಿಸಿದವರಿಗೆಲ್ಲ ಗುಳಿಗೆ ಇಳಿಸಬೇಕಾಯಿತು. ಅನಸುಬಾಯಿಗೆ ಮೊದಲಿನ ಅರ್ಧ ಸಾಕಾಯಿತು. ರಕ್ತಗುಣದ ಮಾತು ಅಲ್ಲಿಗೆ ಮುಗಿಯಿತು. ಪ್ರಬಂಧ ಅಚ್ಚಾಗಿದ್ದ ಪತ್ರಿಕೆಗೆ ತಿದ್ದುಪಡಿ ಬರೆದು, ಸಹಿಗಾಗಿ ರಘೂತ್ತಮ ಸರ್ ಮನೆಗೆ ಹೋದಳು.

ಅವರು ಎರಡು ಸಲ ಓದಿದರು. ಕೆಟ್ಟ ಮನುಷ್ಯರಲ್ಲ, ಶಿಷ್ಯೆ ಮೇಲೆ ಬರಲಿ ಎಂಬ ಆಸೆ ಅವರಿಗೆ ಆಕೆಗಿಂತ ಹೆಚ್ಚಿತ್ತು.

“ಸಂದರ್ಶನ ಮುಗೀಲಿ, ಆಮ್ಯಾಲ ಕಳಸು,” ಎಂದರು. “ಇದನ್ನ ಹೊಸಾ ಪ್ರಬಂಧನೇ ಮಾಡು. ಹಳೇದೂ ಇರ್ತದ, ಹೊಸದೂ ಆಗ್ತದ.”

“ಅಲ್ಲೀತನಕ ಹಳೇದು ಓದಿ ಯಾರರೆ ಗುಳಿಗಿ ಏರಿಸಿದ್ರ, ಸರ್?”

“ಏರಿಸಿದವರು ನೋಡ್ಕೋತಾರ.”

“ನಮ್ಮ ಹೆಸರು ನೋಡಿ ಏರಸ್ತಾರ್ರಿ, ಸರ್.”

ಸರ್ ಕನ್ನಡಕ ತೆಗೆದು ಒರೆಸಿದರು. ಅವರ ಹೆಂಡತಿ ವಂದನಾ ತಂದಿಟ್ಟ ಅವಲಕ್ಕಿ ಆರುತ್ತಿತ್ತು. ನೀನು ಅವಸರದವಳು, ನಿನ್ನ ಕೈಲಿ ಸಂಸಾರ ಆಗಂಗಿಲ್ಲ ಎಂದು ಸರ್ ಬೈದರು. ಬೈಯುತ್ತಲೇ ಪೆನ್ನು ಕೇಳಿದರು.

ಸಂದರ್ಶನದ ಹೊತ್ತಿಗೆ ಪ್ರಬಂಧದ ನೆತ್ತಿಯ ಮೇಲೆ ತಿದ್ದುಪಡಿ ಕೂತಿತ್ತು. ಸಮಿತಿಯವರು ಓದಿಕೊಂಡೇ ಬಂದಿದ್ದರು. ಮರ್ಯಾದೆಯಿಂದ ಮಾತಾಡಿದರು, ನೀರು ಕೊಟ್ಟರು. ಹುದ್ದೆ ಬೇರೆಯವರಿಗೆ ಹೋಯಿತು. ಅದೇ ವಾರ ಅಜಯಕುಮಾರನ ಫೋನು ಬಂತು: ಹಣಮಮ್ಮ ರಾತ್ರಿ ನಿದ್ದೆ ಮಾಡುತ್ತಿದ್ದಾಳೆ, ಉಳಿದವರಿಗೂ ಇಳಿಸಿ ಆಯಿತು.

ಸಂಘಮಿತ್ರಾ ತೆಂಗಳಿಗೆ ಹೋದಾಗ ಸುದ್ದಿ ಆಗಲೇ ಮುಟ್ಟಿತ್ತು. ಅನಸುಬಾಯಿ ಒಲೆ ಹಚ್ಚಿದಳು. ರೊಟ್ಟಿ ಬಡಿದಳು, ಉಣ್ಣಲಿಕ್ಕೆ ಹಾಕಿದಳು. ಮರುದಿನ ಬೆಳಿಗ್ಗೆ ಗುಳಿಗೆ ನುಂಗಿ ಕಟ್ಟೆಗೆ ಬಂದು ಕೂತಾಗ ಕೇಳಿದಳು.

“ನನ್ನ ಎಲಿ ಸಲುವಾಗಿ ನಿನ್ನ ನೌಕರಿ ಹೋತೇನವಾ?”

“ನೌಕರಿ ಅದ, ಯವ್ವಾ. ದೊಡ್ಡದು ಸಿಗಲಿಲ್ಲ, ಅಷ್ಟ. ಎಲಿದೇನೂ ತಪ್ಪಿಲ್ಲ. ನಾನೇ ಕೇಳಿದ್ದಿಲ್ಲ.”

ತಾಯಿಯ ಕೈ ರೂಢಿಯಂತೆ ಸೊಂಟದ ಚಂಚಿಗೆ ಹೋಯಿತು. ದಾರ ಅರ್ಧ ಬಿಚ್ಚಿ, ಮಗಳ ಮುಖ ನೋಡಿ, ಮತ್ತೆ ಕಟ್ಟಿದಳು. ಬಾಯಿ ಸಪ್ಪಗಾತು ಎಂದು ಗೊಣಗುತ್ತ ಪೊರಕೆ ಹಿಡಿದು ಅಂಗಳಕ್ಕಿಳಿದಳು.