ಲೆಕ್ಕಕ್ಕೆ ಬಾರದ ಶನಿವಾರಗಳು

ಲಾವಣ್ಯಾ ಓದುತ್ತಿದ್ದ, ನ್ಯೂಜೆರ್ಸಿಯ ಎರಡು ವರ್ಷದ ಕೌಂಟಿ ಕಾಲೇಜಿನಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಕಲಿಸುತ್ತಿದ್ದವರು ಶಿವಪ್ರಸಾದ್. ಧಾರವಾಡದವರು, ವಯಸ್ಸು ಐವತ್ತೆಂಟು ದಾಟಿತ್ತು. ಪಿಎಚ್‌ಡಿ ಇದ್ದರೂ ಕೆಲಸ ಕಾಯಂ ಆಗಿರಲಿಲ್ಲ. ಮೂರು ಕಾಲೇಜುಗಳಲ್ಲಿ ಒಂದೊಂದು ಸೆಮಿಸ್ಟರಿನ ಕಾಂಟ್ರ್ಯಾಕ್ಟ್ ಮೇಲೆ ಪಾಠ ಮಾಡುತ್ತಿದ್ದರು. ಆ ಕಾಲೇಜು ಲ್ಯಾಬ್ ತರಗತಿಗಳನ್ನು ಅರ್ಧಕ್ಕೆ ಇಳಿಸಿ ಉಳಿದ ಪ್ರಯೋಗಗಳನ್ನು ಕಂಪ್ಯೂಟರಿನಲ್ಲಿ ಮಾಡಿಸುತ್ತಿತ್ತು. ಮೌಸ್ ಒತ್ತಿದರೆ ಪರದೆಯ ಮೇಲೆ ಫ್ಲಾಸ್ಕು ಕುದಿಯುತ್ತಿತ್ತು.

"ಹಿಂಗ ಕಲಿತರ ನಾಳೆ ಯುನಿವರ್ಸಿಟಿಯೊಳಗ ನಿಮ್ಮ ಕೈ ನಡಗತಾವ," ಎಂದು ಒಂದು ದಿನ ಅವರು ಹೇಳಿದರು. ಆ ವಾರದಿಂದಲೇ ಶನಿವಾರ ಬೆಳಗ್ಗೆ ತಮ್ಮ ಕೀಲಿಯಿಂದ ಲ್ಯಾಬ್ ತೆಗೆದು, ಬಂದ ಐದು ಜನರಿಗೆ ಪ್ರಯೋಗ ಮಾಡಿಸತೊಡಗಿದರು. ಆಫೀಸಿನಲ್ಲಿ ಯಾರಿಗೂ ಹೇಳಬೇಡಿ ಎಂದಿದ್ದರು. ಇಡೀ ವರ್ಷ ಲಾವಣ್ಯಾ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ.

ಹೈಸ್ಕೂಲಿನ ಕೊನೆಯ ವರ್ಷ ಅವಳು ಕಾಯಿಲೆ ಬಿದ್ದು ಅಂಕ ಕುಸಿದಿತ್ತು. ಕೌಂಟಿ ಕಾಲೇಜು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಮದ್ದೂರಿನಿಂದ ಬಂದು ನ್ಯೂಜೆರ್ಸಿಯಲ್ಲಿ ಐಟಿ ಕೆಲಸ ಮಾಡುತ್ತಿದ್ದ ಅಪ್ಪ ಜಯರಾಮು, ತಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗರು. ಯುಗಾದಿಗೆ ಸೇರಿದ ಗೆಳೆಯರ ಮುಂದೆ ಅವರು, "ಮಗಳು ಯುನಿವರ್ಸಿಟೀಲಿ ಕೆಮಿಸ್ಟ್ರಿ ಮಾಡ್ತಾವ್ಳೆ," ಎಂದು ಎರಡು ವರ್ಷ ಹೇಳಿಕೊಂಡು ಬಂದಿದ್ದರು. ಆ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯದಿಂದ ಮೂರನೇ ವರ್ಷಕ್ಕೆ ಟ್ರಾನ್ಸ್‌ಫರ್ ಸೀಟಿನ ಪತ್ರ ಬಂದಾಗ ಅವರು ಅದನ್ನು ಎರಡು ಸಲ ಓದಿ, ಕಾರು ತೊಳೆಯಲು ಹೊರಗೆ ಹೋದರು.

ಜೂನ್‌ನಲ್ಲಿ ಅಲ್ಲಿಯ ಸಲಹೆಗಾರ್ತಿ ಅವಳ ಅಂಕಪಟ್ಟಿ ನೋಡಿ, ಆರ್ಗ್ಯಾನಿಕ್‌ನ ಎರಡು ಸೆಮಿಸ್ಟರುಗಳ ಕ್ರೆಡಿಟ್ಟೂ ಇಲ್ಲಿ ಸಲ್ಲುವುದಿಲ್ಲ ಎಂದಳು. ಲ್ಯಾಬ್ ಗಂಟೆಗಳು ಸಾಲವು. ಮತ್ತೆ ಮೊದಲಿಂದ ಮಾಡಬೇಕು. ಅದು ಮುಗಿಯುವವರೆಗೆ ಮೂರನೇ ವರ್ಷದ ಯಾವ ಕೆಮಿಸ್ಟ್ರಿಯೂ ಇಲ್ಲ. ಬೇರೆ ಲ್ಯಾಬ್ ಗಂಟೆಗಳೇನಾದರೂ ಇದ್ದು, ಕಲಿಸಿದವರು ಬರೆದುಕೊಟ್ಟರೆ ಕಮಿಟಿ ನೋಡಬಹುದು.

"ನಿಮ್ ಮೇಷ್ಟ್ರ ಹತ್ರ ಒಂದು ಲೆಟರ್ ಇಸ್ಕೊ," ಎಂದರು ಅಪ್ಪ. "ಒಂದು ಸೈನ್ ತಾನೇ?"

ಮರುದಿನ ಮಧ್ಯಾಹ್ನ ಸೀಕಾಕಸ್ ಸ್ಟೇಷನ್ನಿನಲ್ಲಿ, ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗಲು ರೈಲು ಬದಲಿಸುತ್ತಿದ್ದ ಶಿವಪ್ರಸಾದರನ್ನು ಅವಳು ಕಂಡಳು. ಶನಿವಾರಗಳ ತಾರೀಖುಗಳಿದ್ದ ತನ್ನ ನೋಟ್‌ಬುಕ್ ಕೊಟ್ಟಳು. ಬೆಂಚಿನ ಮೇಲೆ ಕೂತು ಅವರು ನಿಧಾನವಾಗಿ ಹಾಳೆ ತಿರುವಿದರು.

"ನಾ ಇದನ್ನ ಬರದು ಕೊಟ್ಟರ ಅವರು ಕಾಲೇಜಿಗೆ ಫೋನ್ ಮಾಡ್ತಾರ. ಗೊತ್ತದ ಏನು?"

ಅವಳಿಗೆ ಗೊತ್ತಿತ್ತು. "ಚೆಕ್ ಮಾಡಲ್ಲ ಅನ್ಸುತ್ತೆ ಸರ್," ಎಂದಳು. "ಇಟ್ಸ್ ಜಸ್ಟ್ ಅ ಫಾರ್ಮಾಲಿಟಿ."

ಅವರು ಒಮ್ಮೆ ಅವಳ ಮುಖ ನೋಡಿದರು. ಆಮೇಲೆ ರೈಲು ಬಂತು. ಮೂರು ದಿನಕ್ಕೆ ಪತ್ರವೂ ಬಂತು: ಮೂವತ್ತೊಂದು ಶನಿವಾರ, ಪ್ರತಿ ಪ್ರಯೋಗದ ಹೆಸರು, ಕೆಳಗೆ ಸಹಿ.

ಕಮಿಟಿ ಫೋನ್ ಮಾಡಿತು. ಅನುಮತಿಯಿಲ್ಲದೆ, ವಿಮೆಯಿಲ್ಲದೆ ನಡೆದ ಗಂಟೆಗಳನ್ನು ಪರಿಗಣಿಸಲಾಗದು ಎಂದು ಜುಲೈ ಕೊನೆಗೆ ಎರಡು ಸಾಲಿನ ಈಮೇಲ್ ಕಳಿಸಿತು. ಅದನ್ನು ಶಿವಪ್ರಸಾದರಿಗೆ ತಿಳಿಸಲು ಲಾವಣ್ಯಾಳಿಗೆ ಧೈರ್ಯ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಹಳೆಯ ಗೆಳತಿಯೊಬ್ಬಳು, ಕೌಂಟಿ ಕಾಲೇಜಿನಲ್ಲಿ ಈಗ ಆರ್ಗ್ಯಾನಿಕ್ ಕಲಿಸುವವರು ಬೇರೆ ಎಂದಳು.

ಆ ಭಾನುವಾರ ಲಾವಣ್ಯಾ ಎಡಿಸನ್ನಿನ ಶಿವಪ್ರಸಾದರ ಅಪಾರ್ಟ್‌ಮೆಂಟಿಗೆ ಹೋದಳು. ಬಾಗಿಲು ತೆಗೆದದ್ದು ಹೆಂಡತಿ ಮಂಜರಿ.

"ಸರ್ ಇದಾರಾ ಆಂಟಿ?"

"ಇಲ್ಲ. ರಾಬಿನ್ಸ್‌ವಿಲ್‌ದಾಗ ವೇರ್‌ಹೌಸಿಗೆ ಕೆಲಸಕ್ಕ ಹೋಗ್ಯಾರ. ಭಾನುವಾರನೂ ಶಿಫ್ಟ್ ಇರತದ."

"ಉಳಿದೆರಡು ಕಾಲೇಜು?"

"ಅವರಿಗೂ ಸುದ್ದಿ ಹೋತು. ಲ್ಯಾಬಿನೊಳಗ ಹುಡುಗರಿಗೆ ಏನರ ಆಗಿದ್ರ ಅಂತ ಕೇಳಿದ್ರಂತ. ಏನೂ ಆಗಿದ್ದಿಲ್ಲಲ್ಲ, ಅದನ್ನ ಯಾರೂ ಕೇಳಲಿಲ್ಲ." ಮಂಜರಿಯ ದನಿ ಏರಲಿಲ್ಲ. ಒಳಗೆ ಬಾ ಎಂದೂ ಅನ್ನಲಿಲ್ಲ. "ಲಾವಣ್ಯಾ ಅಂದ್ರ ನೀನೇ ಏನು?"

"ಹೌದು."

"ನಿನಗ ಆ ಕ್ರೆಡಿಟ್ ಆದ್ರೂ ಸಿಕ್ತಿಲ್ಲೋ?"

ಲಾವಣ್ಯಾ ಹೊಸ್ತಿಲ ಪಕ್ಕದ ಚಪ್ಪಲಿಗಳನ್ನು ನೋಡುತ್ತ ನಿಂತಳು. "ಸಿಕ್ತು ಆಂಟಿ," ಎಂದಳು.

ಮಂಜರಿಯ ಮುಖ ತುಸು ಸಡಿಲವಾಯಿತು. "ಹಂಗಾದ್ರ ಹೇಳ್ತೀನಿ ಅವರಿಗೆ. ಒಂದೀಟು ಸಮಾಧಾನ ಆಗತದ," ಎಂದು ಬಾಗಿಲು ಹಾಕಿಕೊಂಡಳು.

ಲಾವಣ್ಯಾ ಹಳೆಯ ಆರ್ಗ್ಯಾನಿಕ್ ಪಾಠಕ್ಕೇ, ತನಗಿಂತ ಚಿಕ್ಕವರ ನಡುವೆ, ಮತ್ತೆ ಹೋಗಿ ಕೂತಳು. ಅಕ್ಟೋಬರಿನಲ್ಲಿ ಶಿವಪ್ರಸಾದರ ಮೆಸೇಜ್ ಬಂತು: ಮೂರನೇ ವರ್ಷದ ಫಿಸಿಕಲ್ ಕೆಮಿಸ್ಟ್ರಿ ಹೆಂಗ ನಡದದ? ಅವಳು, ಚೆನ್ನಾಗಿದೆ ಸರ್ ಎಂದು ಬರೆದಳು. ಅಂದೇ ಸಂಜೆ ಅವರು ಅದರದೇ ಒಂದು ಲೆಕ್ಕ ಕಳಿಸಿದರು, ಬಿಡಿಸಿ ತೋರಿಸು ಎಂದರು. ತಾನು ಕಲಿಯದ ಪಾಠ ಅದು. ಲೈಬ್ರರಿಯಿಂದ ಪುಸ್ತಕ ತಂದು ನಾಲ್ಕು ದಿನ ಕೂತು, ಅಳುತ್ತ, ಉತ್ತರ ಬರೆದು ಕಳಿಸಿದಳು.

ವೇರ್‌ಹೌಸಿನ ಮಧ್ಯಾಹ್ನದ ಬ್ರೇಕಿನಲ್ಲಿ ಅವರು ಉತ್ತರಿಸಿದರು: ಎರಡನೇ ಸ್ಟೆಪ್ ತಪ್ಪದ. ಮತ್ತ ಮಾಡು.