ಅಂಬಿಗ ಮುಂಡಪ್ಪನ ವರ್ಗ

ಕಾಗೆ ಗುಬ್ಬಿಗಳಿಗೂ ಆಧಾರ್ ಕಾರ್ಡ್ ಬಂದಿರದ ಕಾಲದಲ್ಲಿ, ಎಂದರೆ ಹೋದ ಸೋಮವಾರ, ಪೊಳಲಿಯಿಂದಾಚೆ ಫಲ್ಗುಣಿ ದಡದ ಸರಕಾರಿ ಕಚೇರಿಯಲ್ಲಿ ಮುಂಡಪ್ಪ ಎಂಬ ಅಂಬಿಗನಿದ್ದ. ಸೇತುವೆಯಾಗಿ ಮೂವತ್ತು ವರ್ಷ ಕಳೆದಿತ್ತು. ದೋಣಿ ನಿಲ್ಲಿಸುವ ಆದೇಶ ಮಾತ್ರ ಬಂದಿರಲಿಲ್ಲ. ಹಾಗಾಗಿ ಮುಂಡಪ್ಪ ದಿನವೂ ಸೇತುವೆಯ ಅಡಿಯಲ್ಲಿ ಖಾಲಿ ದೋಣಿಯನ್ನು ದಾಟಿಸಿ ಬರುತ್ತಿದ್ದ.

ಆ ದಿನ ವಿಧಾನಸಭೆಯಿಂದ ಪ್ರಶ್ನೆ ಬಂತು: ನೌಕರರು ಎಷ್ಟು, ಯಾವ ವರ್ಗ, ಏನು ವೇತನ? ಸಂಜೆ ಐದರೊಳಗೆ ಉತ್ತರ ಬೇಕು. ಪಟ್ಟಿಯಲ್ಲಿ ಇಲ್ಲದವರ ಹುದ್ದೆ ನಾಳೆಯಿಂದ ರದ್ದು.

"ನಾಳೆಯಿಂದ ನಾನು ಇಲ್ಲವಾ ಮಗಾ?" ಎಂದು ಮುಂಡಪ್ಪ ಕೇಳಿದ.

"ನಿಮ್ಮ ಹೆಸರಿಲ್ಲದೆ ಪಟ್ಟಿ ಕಳಿಸುವುದಿಲ್ಲ ಮುಂಡಪ್ಪಣ್ಣ," ಎಂದು ಗುಮಾಸ್ತೆ ನವ್ಯಾ ಮಾತು ಕೊಟ್ಟಳು.

ಅವನ ಹಳೆಯ ನೇಮಕಾತಿ ಪತ್ರದಲ್ಲಿ ವರ್ಗವೇ ಇರಲಿಲ್ಲ. ವೇತನ, ತಿಂಗಳಿಗೆ ಒಂದು ಮುಡಿ ಅಕ್ಕಿ, ಎಂದರೆ ಬೈಹುಲ್ಲಿನಲ್ಲಿ ಕಟ್ಟಿದ ಒಂದು ಮೂಟೆ; ಹಣಕ್ಕೆ ಪರಿವರ್ತಿಸತಕ್ಕದ್ದಲ್ಲ. ನವ್ಯಾ ಹಾಗೆಯೇ ತುಂಬಿದಳು. ಕಂಪ್ಯೂಟರ್ ಒಪ್ಪಲಿಲ್ಲ: "ಎಲ್ಲರ ವೇತನವೂ ಒಂದೇ ಅಳತೆಯಲ್ಲಿರಲಿ."

ನವ್ಯಾ ಪೇಟೆಯ ಅಕ್ಕಿಯ ದರ ಕೇಳಿ ತಿಳಿದು, ಎಲ್ಲರ ಸಂಬಳವನ್ನೂ ಮುಡಿಗೆ ಇಳಿಸಿದಳು. ಅಧಿಕಾರಿ ತಿರುಮಲೇಶ್ವರರು ಮೂವತ್ತೆಂಟು ಮುಡಿಯಾದರು.

"ಎಂಥ ಅಕ್ಕಿ ಮಾರಾಯ್ತಿ?"

"ಕುಚ್ಚಲು, ಸರ್. ಗಂಜಿಗೆ ಹಾಕುವ ಕೆಂಪಕ್ಕಿ."

"ನನಗೂ ಮುಂಡಪ್ಪನಿಗೂ ಒಂದೇ ಅಕ್ಕಿಯಾ? ನನ್ನದು ಬಿಳಿ ಅಕ್ಕಿ, ಬೆಳ್ತಿಗೆ ಅಂತ ಹಾಕು. ಮೇಲಿನವರೆಲ್ಲ ಬೆಳ್ತಿಗೆ, ಕೆಳಗಿನವರು ಕುಚ್ಚಲು."

ನವ್ಯಾಳ ಕಣ್ಣು ಅರಳಿತು. ವರ್ಗ ಸಿಕ್ಕಿತಲ್ಲ!

ಆದರೆ ಕಚೇರಿಯ ಮೇಲಿನವರೆಲ್ಲ ಎದ್ದು ಬಂದರು. "ಬೆಳ್ತಿಗೆ ಉಂಡರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಸರ್. ಅದು ನೀರುದೋಸೆಗೆ ಸರಿ," ಎಂದರು ಮ್ಯಾನೇಜರ್ ಶುಭಶ್ರೀ. "ನಮ್ಮನ್ನು ಕುಚ್ಚಲಿಗೇ ಹಾಕಿ."

"ಹಿಂಬಡ್ತಿ ಆಗ್ತದೆ!"

"ಆಗಲಿ ಸರ್. ಗಂಜಿಯಾದರೂ ಸರಿಯಾಗಿ ಸಿಗ್ತದಲ್ಲ."

ಗಂಟೆ ನಾಲ್ಕು ಐವತ್ತು. ಬೆಳ್ತಿಗೆ ವರ್ಗದಲ್ಲಿ ತಿರುಮಲೇಶ್ವರರು ಒಬ್ಬರೇ ಉಳಿದಿದ್ದರು. ಕಂಪ್ಯೂಟರ್ ಕೇಳಿತು: "ಒಬ್ಬರೇ ಇರುವ ವರ್ಗವನ್ನು ರದ್ದುಪಡಿಸಬಹುದೇ?"

ಸಾಹೇಬರ ಮುಖ ಬಿಳುಚಿತು. ಮುಂಡಪ್ಪ ಬೆಂಚಿನ ಮೇಲೆ ಸ್ವಲ್ಪ ಸರಿದು ಕುಳಿತ. "ಬನ್ನಿ ಧಣಿ, ನಮ್ಮಲ್ಲಿ ಜಾಗ ಉಂಟು."

ತಿರುಮಲೇಶ್ವರರು ಬಾಗಿಲ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ, "ಕುಚ್ಚಲು ಅಂತಲೇ ಹಾಕು ಮಾರಾಯ್ತಿ," ಎಂದರು.

ಇಪ್ಪತ್ತಮೂರು ನೌಕರರು, ಒಂದೇ ವರ್ಗ. ಮುಂಡಪ್ಪನ ಹೆಸರನ್ನು ನವ್ಯಾ ಇನ್ನೊಮ್ಮೆ ಓದಿ ನೋಡಿದಳು. ಐದಕ್ಕೆ ಒಂದು ನಿಮಿಷವಿರುವಾಗ ಗುಂಡಿ ಒತ್ತಿದಳು. ಪಟ್ಟಿ ವಿಧಾನಸಭೆಗೆ ಹೋಯಿತು.